ಎಂದರೆ ಸರಿಯಲ್ಲ

ಹತ್ತೊಂಬತ್ತು ವರ್ಷ ನಾನು ಬೆರಳಚ್ಚು ಮಾಡಿದ್ದು
ಬೇರೆಯವರ ಮಾತು.
ಮೇಯೋಹಾಲಿನ ಮೂರನೇ ನಂಬರಿನ ಕೋರ್ಟು,
ಕಟಕಟೆಯಿಂದ ಆರಡಿಗೆ ನನ್ನ ಕುರ್ಚಿ.
ಸಾಕ್ಷಿ ಮೂಗೊರೆಸಿಕೊಂಡು ಅಂದದ್ದು:
"ಅವ್ನು ನನ್ ತಮ್ಮ ಸ್ವಾಮಿ, ಅವ್ನತ್ರ ಹೆಂಗ್ ಪತ್ರ ಬರಿಸ್ಕೊಳ್ಲಿ?"
ಕಾಗದಕ್ಕೆ ಇಳಿದದ್ದು:
ಸದರಿ ಪ್ರತಿವಾದಿಯಿಂದ ಯಾವುದೇ ಪತ್ರ ಬರೆಸಿಕೊಂಡಿರುವುದಿಲ್ಲ.

ಎಂದರೆ ಸರಿ. ಎಂದರೆ ಸರಿಯಲ್ಲ.
ಇಷ್ಟರಲ್ಲೇ ಅರ್ಧ ಬೆಂಗಳೂರಿನ ಜಗಳ ಮುಗಿಸಿದ್ದೇನೆ.

ಈಗ ಶನಿವಾರ ಸಂಜೆ ಮೆಜೆಸ್ಟಿಕ್ಕಿನಲ್ಲಿಳಿದು
ಗಾಂಧಿನಗರದ ಒಂದು ಅಡ್ಡರಸ್ತೆ:
ಕೆಳಗೆ ಸೂಟ್‌ಕೇಸ್ ಅಂಗಡಿ, ಮೇಲೆ ಲಾಡ್ಜು,
ಅದರ ಮೇಲೆ ಪಾಲಾಕ್ಷ ಮೇಷ್ಟ್ರ ಚಿತ್ರಕಥೆ ಕ್ಲಾಸು.
ಹಿಂದೆ ಅದು ಹಂಚಿಕೆದಾರರ ಆಫೀಸಂತೆ,
ರೀಲಿನ ಡಬ್ಬಗಳ ತುಕ್ಕು ನೆಲದಲ್ಲಿ ದುಂಡಗೆ ಉಳಿದಿದೆ.
ಅದರ ಮೇಲೆ ಚಾಪೆ, ಚಾಪೆಯ ಮೇಲೆ ನಾವು ಏಳು ಜನ.

ಮೇಷ್ಟ್ರು ಬಟ್ಟೆ ಒಣಹಾಕುವ ಹಗ್ಗ ಕಟ್ಟಿ
ತಲೆಗೆ ನಲವತ್ತು ಕ್ಲಿಪ್ಪು ಕೊಟ್ಟರು.
"ಒಂದು ಚೀಟಿಗೆ ಒಂದು ದೃಶ್ಯ.
ಮೇಲೆ, ಯಾರಿಗೆ ಏನು ಬೇಕು. ಕೆಳಗೆ, ಯಾರು ಅಡ್ಡ.
ಸಿಕ್ಕರೂ ಸರಿ, ಸಿಗದಿದ್ದರೂ ಸರಿ,
ಚೀಟಿಗೆ ಬಂದವರು ಬಂದ ಹಾಗೇ ವಾಪಸ್ ಹೋಗಕೂಡದು."

ನರ್ಸ್ ಫಿಲೋಮಿನಾ ಮೊದಲ ಚೀಟಿಯಲ್ಲೇ ಮೂವರನ್ನು ಸಾಯಿಸಿದಳು.
"ಸ್ವಲ್ಪ ಉಳಿಸ್ಕೊಳ್ಳಮ್ಮ, ಇಂಟರ್‌ವಲ್ಲಿಗೆ ಬೇಕಾಗ್ತಾರೆ."
ಆಟೋ ಇಮ್ದಾದನ ಕಥೆಯಲ್ಲಿ ಎಲ್ಲರೂ ದಾರಿ ಕೇಳುತ್ತಾರೆ,
ಯಾರೂ ಇಳಿಯುವುದಿಲ್ಲ.
ನನ್ನದನ್ನು ಮೇಷ್ಟ್ರು ಗಟ್ಟಿಯಾಗಿ ಓದಿದರು:
"ಅಂದಿನಿಂದ ನಾನು ನಿನ್ನನ್ನು ಪ್ರೀತಿಸಿಕೊಂಡು ಬಂದಿರುತ್ತೇನೆ."
ಕೆಳಗಿನ ಲಾಡ್ಜಿಗೂ ಕೇಳಿಸಿರಬೇಕು ಆ ನಗು.
ನಾನೂ ನಕ್ಕೆ.
"ನಿಮ್ಮ ಜನ ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತಾರಲ್ಲಮ್ಮ,
ಮನೇಲಿ ಯಾರು ಹಾಗೆ ಮಾತಾಡ್ತಾರೆ?
ಅನ್ನ ಹಾಕ್ಲಾ ಅಂದ್ರೆ, ಕಿಟಕಿ ಹಾಕು ಅಂತಾರೆ."

ಆ ರಾತ್ರಿ ಬಸ್ಸಿನಲ್ಲಿ ನೆನಪಾದಳು ಚನ್ನಾಜಮ್ಮ.
ಪಾಲಿನ ದಾವೆ, ಹೊರಮಾವಿನ ಮೂರು ಗುಂಟೆ.
ವಕೀಲರು ಪತ್ರ ಹಿಡಿದು,
"ಇದು ನಿಮ್ಮ ಗಂಡನ ಸಹಿ ಎಂದರೆ ಸರಿಯೇ?"
ಆಕೆ ಕನ್ನಡಕ ಹಾಕಿಕೊಳ್ಳಲಿಲ್ಲ, ತೆಗೆದಳು.
ಸಹಿಯ ಬಾಲದ ಮೇಲೆ ಬೆರಳಿಟ್ಟು
ಅದು ಹೋದ ದಾರಿಯಲ್ಲೇ ಹಿಂದಕ್ಕೆ ಬಂದಳು,
ಮೊದಲಕ್ಷರದ ತನಕ.
ಅಲ್ಲಿ ನಿಂತು,
ಫ್ಯಾನಿಗೆ ಹಾರೀತೆಂದು ಪತ್ರದ ಮೇಲೆ ಅಂಗೈ ಊರಿ,
"ಅವರದೇ" ಅಂದಳು.
ಅಲ್ಲ ಅಂದಿದ್ದರೆ ಜಾಗ ಉಳಿಯುತ್ತಿತ್ತು.
ನಾನು ಬರೆದದ್ದು: ಎಂದರೆ ಸರಿ.

ಚೀಟಿ ಮಾಡಿದೆ. ಬೇಕಾದದ್ದು: ಮೂರು ಗುಂಟೆ.
ಯಾರು ಅಡ್ಡ: ಖಾಲಿ ಬಿಟ್ಟೆ.
ಮೇಷ್ಟ್ರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು,
"ಎಷ್ಟನೇ ಚೀಟಿ ಇದು?"
ಗೊತ್ತಿಲ್ಲ ಸಾರ್.
"ಹಾಗಾದ್ರೆ ನಡುವೆ ತೂಗಿಹಾಕಿ. ಎರಡೂ ಕಡೆಗೆ ತಾನೇ ಬೆಳೀತದೆ."

ಬೆಳೆದಿಲ್ಲ.
ಐದು ಶನಿವಾರ ಕಳೆದು ಹಗ್ಗದಲ್ಲಿ ಹನ್ನೊಂದು ಚೀಟಿ,
ಉಳಿದದ್ದು ಬಾಯಿ ಕಚ್ಚಿಕೊಂಡ ಕ್ಲಿಪ್ಪುಗಳು.
ಮಗಳು ಕೇಳುತ್ತಾಳೆ, ಕಥೆ ಎಲ್ಲಿಗೆ ಬಂತಮ್ಮ?
ಕಿಟಕಿ ಹಾಕು ಅನ್ನುತ್ತೇನೆ.

ನಿನ್ನೆ ಸೋಮವಾರ.
ಕಟಕಟೆಯಲ್ಲಿ ಹದಿನೇಳರ ಹುಡುಗ.
ಆ ರಾತ್ರಿ ಬಾಗಿಲು ತೆಗೆದವರು ಯಾರು?
ಸುಮ್ಮನಿದ್ದ.
ಇನ್ನೊಮ್ಮೆ ಕೇಳಿದರು. ಸುಮ್ಮನಿದ್ದ.
"ಬರ್ಕೊಳ್ಳಿ ಮೇಡಂ, ಸಾಕ್ಷಿ ಉತ್ತರಿಸಿರುವುದಿಲ್ಲ."
ಬೆರಳು ಕೀಲಿಮಣೆಯ ಮೇಲೇ ಇದ್ದವು.
ಹುಡುಗ ತನ್ನ ಚಪ್ಪಲಿ ನೋಡುತ್ತಿದ್ದ,
ಎಡಗಾಲಿನ ಉಂಗುಟ ಕಿತ್ತು ಪಿನ್ನು ಹಾಕಿತ್ತು.
ಪಿನ್ನು ಹೊಸದು. ಹೊಳೆಯುತ್ತಿತ್ತು.
ಬೆಳಿಗ್ಗೆ ಯಾರೋ ಅವನ ಕಾಲ ಬಳಿ ಕೂತು
ಹಾಕಿ ಕಳಿಸಿದ್ದಾರೆ.
ಯಾರು?

"ಮೇಡಂ?"
ಬರೆದೆ ಸಾರ್, ಅಂದೆ.
ಬರೆದಿದ್ದೆ
ಎಂದರೆ ಸರಿಯಲ್ಲ.